ಎಡಗೈ ಬಾಗಿಲು, ಬಲಗೈ ಬಾಗಿಲು: ಆಟೋಕ್ಯಾಡ್‌ನಲ್ಲಿ ನಮ್ಮದೇ ಚಿಹ್ನೆ, ನಮ್ಮದೇ ಗುರುತು

ಗೋವಾದ ಫಾತೋರ್ಡಾದಲ್ಲಿ ಎರಡಂತಸ್ತಿನ ಮನೆಯೊಂದಕ್ಕೆ ಏಳು ಬಚ್ಚಲುಮನೆಯ ಬಾಗಿಲುಗಳು ಬಂದಿಳಿದವು. ನಾಲ್ಕು ಉಲ್ಟಾ. ಬಿಜಾಗರಿ ಎಡಕ್ಕೆ ಇರಬೇಕಾದಲ್ಲಿ ಬಲಕ್ಕೆ ಇತ್ತು. ಬಡಗಿ ಬಿಜಾಗರಿಗೆ ಗುಳಿ ತೆಗೆದು, ಬೀಗಕ್ಕೆ ತೂತು ಕೊರೆದು, ಒಂದು ಕೈ ಪಾಲಿಶ್ ಕೂಡ ಮುಗಿಸಿದ್ದ. ಅವನ ತಪ್ಪು ಏನೂ ಇರಲಿಲ್ಲ. ನಾನು ಕೊಟ್ಟ ಕೋಷ್ಟಕದಲ್ಲಿ ‘ಡಿ3, ಸಂಖ್ಯೆ 7’ ಎಂದಷ್ಟೇ ಇತ್ತು (ಡಿ3 ಎಂಬುದು ಬಾಗಿಲಿನ ಬಗೆಯ ಗುರುತು); ಏಳನ್ನೂ ಅವನು ಒಂದೇ ಅಚ್ಚಿನಲ್ಲಿ ಮಾಡಿದ. ಪರದೆಯ ಮೇಲೆ ನಾಲ್ಕನ್ನು ಮಗುಚಿದವಳು ನಾನು. ಮಗುಚಿದ್ದು ಗುರುತಿನಲ್ಲಿ ಕಾಣಲೇ ಇಲ್ಲ.

ನಾನು ಕುಮಟಾದವಳು. ಐಟಿಐಯಲ್ಲಿ ಎರಡು ವರ್ಷ ಸಿವಿಲ್ ಡ್ರಾಫ್ಟ್ಸ್‌ಮನ್ ಕಲಿತು (ಪ್ರಮಾಣಪತ್ರದಲ್ಲಿ ಈಗಲೂ ‘ಮನ್’ ಎಂದೇ ಇದೆ) ಮಡಗಾಂವಿಗೆ ಬಂದೆ. ಹತ್ತೊಂಬತ್ತು ವರ್ಷಗಳಿಂದ ಒಂದು ಸಣ್ಣ ವಾಸ್ತುಶಿಲ್ಪಿ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದೇನೆ. ಆ ನಾಲ್ಕು ಬಾಗಿಲುಗಳ ನಂತರ ನಮ್ಮ ಕಚೇರಿಯ ಬಾಗಿಲು-ಕಿಟಕಿ ಚಿಹ್ನೆಗಳನ್ನೆಲ್ಲ ಆಟೋಕ್ಯಾಡ್ ಎಂಬ ನಕ್ಷೆ ಬರೆಯುವ ತಂತ್ರಾಂಶದಲ್ಲಿ ಹೊಸದಾಗಿ ಕಟ್ಟಿದೆ. ಹೇಗೆ ಕಟ್ಟಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬ್ಲಾಕ್ ಎಂದರೇನು, ಲೇಯರ್ ಎಂದರೇನು ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ಮೊದಲು ಕಾಗದ

ಚಿಹ್ನೆ ಬರೆಯುವ ಮುನ್ನ ಅದು ಕಾಗದದ ಮೇಲೆ ಎಷ್ಟು ದೊಡ್ಡದಾಗಿ ಬರುತ್ತದೆ ಎಂದು ಲೆಕ್ಕ ಹಾಕಿ. ಬಾಗಿಲಿನ ಕದ 35 ಮಿಲಿಮೀಟರ್ ದಪ್ಪ. 1:50ರಲ್ಲಿ ಅದು 0.7 ಮಿ.ಮೀ., ಎರಡು ಗೆರೆಗಳ ನಡುವೆ ಬಿಳಿ ಕಾಣುತ್ತದೆ. 1:100ರಲ್ಲಿ 0.35 ಮಿ.ಮೀ., ಎರಡು ಗೆರೆಗಳೂ ಕೂಡಿ ಒಂದು ಮಸಿಪಟ್ಟಿಯಾಗುತ್ತದೆ. ಆದ್ದರಿಂದ ಒಂದೇ ಬ್ಲಾಕಿನಲ್ಲಿ ಎರಡು ರೂಪ ಬೇಕು: ಮಂಜೂರಾತಿಯ ನಕ್ಷೆಗೆ ಒಂಟಿ ಗೆರೆಯ ಕದ, ಕೆಲಸದ ನಕ್ಷೆಗೆ ಚೌಕಟ್ಟು ಸಹಿತ ಜೋಡಿ ಗೆರೆಯ ಕದ.

ಅಕ್ಷರದ ಎತ್ತರಕ್ಕೂ ಇದೇ ಮಾತು. ನಾವೆಲ್ಲ 2.5 ಮಿ.ಮೀ. ಇಟ್ಟು ನಿಶ್ಚಿಂತರಾಗುತ್ತೇವೆ. ಆದರೆ ಸೈಟಿಗೆ ಹೋದ ಎ3 ಹಾಳೆಯನ್ನು ಮೇಸ್ತ್ರಿ ಎ4ಗೆ ಝೆರಾಕ್ಸ್ ಮಾಡಿಸಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಡುತ್ತಾನೆ. ಎ3ಯಿಂದ ಎ4ಗೆ ಇಳಿಸಿದರೆ ಎಲ್ಲವೂ ಶೇಕಡಾ 71ಕ್ಕೆ ಕುಗ್ಗುತ್ತದೆ, 2.5 ಎಂಬುದು 1.8 ಆಗುತ್ತದೆ. ಜೂನ್ ತಿಂಗಳ ಮಳೆಯಲ್ಲಿ ತೊಯ್ದ ಕಾಗದದ ಮೇಲೆ ಅದನ್ನು ಓದಲಾಗುವುದಿಲ್ಲ. ನಾನು ಗುರುತುಗಳಿಗೆ 3.5 ಮಿ.ಮೀ. ಇಡುತ್ತೇನೆ. ಕುಗ್ಗಿದ ಮೇಲೂ ಅದು 2.5 ಉಳಿಯುತ್ತದೆ.

ಕದ, ಚೌಕಟ್ಟು, ಕಮಾನು

ಹೊಸ ಕಡತ ತೆರೆದು ಅಳತೆಯ ಮಾನವನ್ನು ಮಿಲಿಮೀಟರ್ ಮಾಡಿ. ‘ಇನ್‌ಸ್‌ಯೂನಿಟ್ಸ್’ ಎಂಬ ವೇರಿಯಬಲ್ 4 ಇರಬೇಕು. ಅದು 1 ಇದ್ದರೆ ಇಂಚು; ಬ್ಲಾಕನ್ನು ಬೇರೆ ಕಡತದಲ್ಲಿ ಇಟ್ಟಾಗ ಬಾಗಿಲು ಮನೆಗಿಂತ ದೊಡ್ಡದಾಗಿ ಕೂರುತ್ತದೆ.

ಯಾವ ಅಳತೆಯಲ್ಲಿ ಬರೆಯಬೇಕು? ಭಾರತೀಯ ಮಾನಕದ ಹೆಸರಿಡುವ ಕ್ರಮ ನನಗೆ ಹಿಡಿಸಿದೆ: ‘10 ಡಿಎಸ್ 21’ ಎಂದರೆ 100 ಮಿ.ಮೀ.ನ ಹತ್ತು ಮಾಡ್ಯೂಲ್ ಅಗಲದ, ಇಪ್ಪತ್ತೊಂದು ಮಾಡ್ಯೂಲ್ ಎತ್ತರದ, ಒಂಟಿ ಕದದ ಬಾಗಿಲು. ಜೋಡಿ ಕದವಾದರೆ ‘ಎಸ್’ ಬದಲು ‘ಟಿ’. ಕಿಟಕಿಗೆ ‘ಡಬ್ಲ್ಯೂ’, ಬೆಳಕಿಂಡಿಗೆ ‘ವಿ’. ಇಲ್ಲಿ ನೆನಪಿಡಬೇಕಾದದ್ದು, ಆ ಸಂಖ್ಯೆ ಗೋಡೆಯಲ್ಲಿ ಬಿಡುವ ತೆರಪಿನದು. ತೆರಪು 1000 ಆದರೆ ಸುತ್ತ ಐದೈದು ಮಿ.ಮೀ. ಬಿಟ್ಟು ಚೌಕಟ್ಟು 990, ಕದ 900. ಗೌಂಡಿ ಸಾವಿರ ಓದುತ್ತಾನೆ, ಬಡಗಿ ಒಂಬೈನೂರು ಓದುತ್ತಾನೆ. ಗುರುತಿನಲ್ಲಿರುವ ಅಳತೆ ತೆರಪಿನದೋ ಕದದ್ದೋ ಎಂದು ಹಾಳೆಯ ಮೂಲೆಯಲ್ಲಿ ಒಂದು ಸಾಲು ಬರೆಯದಿದ್ದರೆ ಇಬ್ಬರೂ ಬಂದು ನಿಮ್ಮ ಮೇಜಿನ ಮುಂದೆ ನಿಲ್ಲುತ್ತಾರೆ. ಅದರ ಮೇಲೆ, ನಮ್ಮಲ್ಲಿ ಬಡಗಿಗಳು ಇಂದಿಗೂ ಅಡಿ ಲೆಕ್ಕದವರು: 900 ಎಂದರೆ ‘ಮೂರು ಅಡಿ’ ಎಂದು ತಲೆಯಾಡಿಸುತ್ತಾರೆ. ಮೂರು ಅಡಿ ಎಂದರೆ 914.

ಸಾವಿರದ ತೆರಪಿಗೆ ಚೌಕಟ್ಟು, 90 ಡಿಗ್ರಿ ತೆರೆದ ಕದ, ಅದು ಸುತ್ತುವ ಕಮಾನು ಬರೆಯಿರಿ. ಕದವು ಗೋಡೆಯ ಒಂದು ಮುಖಕ್ಕೆ ಸಮನಾಗಿರಲಿ. ಬ್ಲಾಕಿನ ಆಧಾರಬಿಂದು ಬಿಜಾಗರಿಯ ಬದಿಯ ತೆರಪಿನ ಮೂಲೆ; ಚೌಕಟ್ಟಿನ ಮೂಲೆಯನ್ನು ಹಿಡಿದರೆ ಪ್ರತಿಸಲವೂ ಐದು ಮಿ.ಮೀ. ಸರಿಸುವ ಕೆಲಸ ಬೀಳುತ್ತದೆ. ಕದ ಮತ್ತು ಚೌಕಟ್ಟು ಸೊನ್ನೆ ಲೇಯರಿನಲ್ಲಿರಲಿ. ಆಗ ಬ್ಲಾಕನ್ನು ಯಾವ ಲೇಯರಿನಲ್ಲಿ ಇಡುತ್ತೀರೋ ಅದರ ಬಣ್ಣ, ದಪ್ಪವನ್ನೇ ಅವು ಪಡೆಯುತ್ತವೆ. ಕಮಾನನ್ನು ಮಾತ್ರ ನಾನು ಅದರದೇ ಲೇಯರಿನಲ್ಲಿ, ತೆಳುವಾದ ಗೆರೆಯಲ್ಲಿ ಇಡುತ್ತೇನೆ. ಅದು ಗಾಳಿಯಲ್ಲಿ ಎಳೆದ ಗೆರೆ. ಮರದಷ್ಟೇ ದಪ್ಪಗೆ ಕಂಡರೆ ನಕ್ಷೆ ತುಂಬ ಕೊಡೆ ಬಿಡಿಸಿಟ್ಟಂತೆ ಇರುತ್ತದೆ.

ಗೋಡೆಯ ಗೆರೆಯನ್ನು ಮರೆಮಾಚಲು ಕೆಲವರು ಬ್ಲಾಕಿನೊಳಗೆ ವೈಪ್‌ಔಟ್ ಹಾಕುತ್ತಾರೆ. ನನಗೆ ಅದು ಬೇಡ. ಗೋಡೆಯನ್ನು ಕತ್ತರಿಸಿಯೇ ಬಿಡುತ್ತೇನೆ.

ಹಿಗ್ಗುವ, ಮಗುಚುವ ಬ್ಲಾಕ್

ಬ್ಲಾಕ್ ಎಡಿಟರ್ ತೆರೆಯಲು ‘ಬಿಇ’ ಎಂದು ಕೊಡಿ. ಡೈನಾಮಿಕ್ ಬ್ಲಾಕ್, ಅಂದರೆ ಇಟ್ಟ ಮೇಲೂ ಅಳತೆ, ರೂಪ ಬದಲಿಸಬಹುದಾದ ಬ್ಲಾಕ್, 2006ರ ಆವೃತ್ತಿಯಿಂದ ಇದೆ. ಆದರೂ ಅಗಲಕ್ಕೊಂದರಂತೆ ಹದಿನಾಲ್ಕು ಬಾಗಿಲು ಬ್ಲಾಕ್ ಇಟ್ಟುಕೊಂಡ ಕಚೇರಿಗಳನ್ನು ಈಗಲೂ ಕಾಣುತ್ತೇನೆ. ಟೂಲ್ ಪ್ಯಾಲೆಟ್‌ನ ಆರ್ಕಿಟೆಕ್ಚರಲ್ ಪುಟದಲ್ಲಿ ತಯಾರಾದ ಬಾಗಿಲೊಂದು ಸಿಗುತ್ತದೆ. ಅದನ್ನು ಬಳಸದಿದ್ದರೂ ಎಡಿಟರಿನಲ್ಲಿ ಬಿಚ್ಚಿ ನೋಡಿ. ಅರ್ಧ ಪಾಠ ಅಲ್ಲಿಯೇ ಮುಗಿಯುತ್ತದೆ.

ಅಗಲಕ್ಕೆ ಒಂದು ಲೀನಿಯರ್ ಪ್ಯಾರಾಮೀಟರ್ (ಬದಲಿಸಬಹುದಾದ ಉದ್ದದ ಅಳತೆ): ಬಿಜಾಗರಿಯ ಬದಿಯ ತೆರಪಿನ ಮೂಲೆಯಿಂದ ಎದುರು ಮೂಲೆಯವರೆಗೆ. ಹಿಡಿದು ಎಳೆಯುವ ಗ್ರಿಪ್ ಒಂದೇ ಸಾಕು, ಬೀಗದ ಬದಿಯಲ್ಲಿ. ಗುಣಗಳ ಪಟ್ಟಿಯಲ್ಲಿ ದೂರದ ಬಗೆಯನ್ನು ‘ಲಿಸ್ಟ್’ ಮಾಡಿ 800, 900, 1000, 1200 ಕೊಡಿ. ಪಟ್ಟಿ ಇಲ್ಲದಿದ್ದರೆ ಯಾರೋ ಎಳೆದಾಡಿ 937ರ ಬಾಗಿಲು ಮಾಡಿಟ್ಟಿರುತ್ತಾರೆ.

ಅಳತೆ ಬದಲಾದಾಗ ಗೆರೆಗಳು ಏನು ಮಾಡಬೇಕೆಂದು ಹೇಳುವುದು ಆ್ಯಕ್ಷನ್. ಈಗ ಸ್ಟ್ರೆಚ್ ಆ್ಯಕ್ಷನ್ ಎರಡು. ಮೊದಲನೆಯದು ಬೀಗದ ಬದಿಯ ಚೌಕಟ್ಟನ್ನು ಅಡ್ಡಕ್ಕೆ ಸರಿಸುತ್ತದೆ. ಎರಡನೆಯದು ಕದದ ತುದಿಯನ್ನು ಎಳೆಯಬೇಕು. ಆದರೆ ಅಗಲ ಬೆಳೆಯುವುದು ಅಡ್ಡಕ್ಕೆ, ತೆರೆದ ಕದ ಬೆಳೆಯಬೇಕಾದದ್ದು ಮೇಲಕ್ಕೆ. ಆ ಆ್ಯಕ್ಷನ್‌ನ ಗುಣಗಳಲ್ಲಿ ‘ಆ್ಯಂಗಲ್ ಆಫ್‌ಸೆಟ್’ ಎಂಬಲ್ಲಿ 90 ಕೊಡಿ, ಅಷ್ಟೇ.

ಕಮಾನಿನಲ್ಲಿ ಎಲ್ಲರೂ ಎಡವುತ್ತಾರೆ. ಕಮಾನನ್ನು ಸ್ಟ್ರೆಚ್ ಮಾಡಿದರೆ ತ್ರಿಜ್ಯ ಕೆಡುತ್ತದೆ, ಆದ್ದರಿಂದ ಸ್ಕೇಲ್ ಆ್ಯಕ್ಷನ್ ಬೇಕು. ಅದನ್ನು ನೇರವಾಗಿ ಅಗಲದ ಪ್ಯಾರಾಮೀಟರಿಗೆ ಕಟ್ಟಿ ನೋಡಿ: ತೆರಪು 1000ದಿಂದ 800ಕ್ಕೆ ಇಳಿದಾಗ ಕದವು 200 ಕಡಿಮೆಯಾಗಿ 700 ಆಗುತ್ತದೆ. ಕಮಾನು ಮಾತ್ರ 0.8 ಪಟ್ಟು ಕುಗ್ಗಿ 900ರಿಂದ 720 ಆಗುತ್ತದೆ. ಕದಕ್ಕೂ ಕಮಾನಿಗೂ 20 ಮಿ.ಮೀ. ಬಿರುಕು. 1:50ರಲ್ಲಿ 0.4 ಮಿ.ಮೀ.; ಕಣ್ಣಿಗೆ ಚುಚ್ಚುತ್ತದೆ. ಒಂದು ವಾರ ಇದು ನನ್ನ ತಲೆ ತಿಂದಿತ್ತು. ದಾರಿ ಹೀಗೆ: ಬಿಜಾಗರಿಯ ಬಿಂದುವಿನಿಂದ, ಅಂದರೆ ಕಮಾನಿನ ಕೇಂದ್ರದಿಂದ, ಮುಚ್ಚಿದ ಕದದ ತುದಿಯವರೆಗೆ ಎರಡನೆಯ ಲೀನಿಯರ್ ಪ್ಯಾರಾಮೀಟರ್ ಹಾಕಿ, ಸರಿಯಾಗಿ 900. ಅದರ ಗ್ರಿಪ್ ಸೊನ್ನೆ ಮಾಡಿ, ‘ಶೋ ಪ್ರಾಪರ್ಟೀಸ್’ ಬೇಡ ಎನ್ನಿ, ‘ಚೈನ್ ಆ್ಯಕ್ಷನ್ಸ್’ ಬೇಕು ಎನ್ನಿ. ಕಮಾನಿನ ಸ್ಕೇಲ್ ಆ್ಯಕ್ಷನ್ ಇದಕ್ಕೆ ಕಟ್ಟಿ. ಬಳಿಕ ಅಗಲದ ಮೊದಲ ಸ್ಟ್ರೆಚ್‌ಗೆ ಎಳೆದ ಆಯ್ಕೆಯ ಚೌಕದೊಳಗೆ ಈ ಎರಡನೆಯ ಪ್ಯಾರಾಮೀಟರಿನ ತುದಿಯೂ ಬರುವಂತೆ ಆಯ್ಕೆ ಮಾಡಿ. ಈಗ ಅಗಲ ಎಳೆದರೆ ಕದದ ಅಳತೆ ಎಳೆಯಲ್ಪಡುತ್ತದೆ, ಕದದ ಅಳತೆ ಕಮಾನನ್ನು ಎಳೆಯುತ್ತದೆ. ನೂರಕ್ಕೆ ನೂರು ಕೂಡುತ್ತದೆ.

ಗೋಡೆಯ ದಪ್ಪಕ್ಕೆ ಇನ್ನೊಂದು ಲೀನಿಯರ್, ಒಂದು ಸ್ಟ್ರೆಚ್. ಇಲ್ಲಿ ಪಟ್ಟಿ ಕೊಡಬೇಡಿ. ಹೊಸ ಮನೆಗೆ 150, 230 ಸಾಕು. ಆದರೆ ನಾವು ಲೌಟೊಲಿಮ್‌ನಲ್ಲಿ ಅಳೆದ ಹಳೆಯ ಮನೆಯ ಚಿರೆಕಲ್ಲಿನ ಗೋಡೆ ಒಂದು ಕೋಣೆಯಲ್ಲಿ 640, ಪಕ್ಕದ ಕೋಣೆಯಲ್ಲಿ 665.

ಕೊನೆಗೆ ಫ್ಲಿಪ್ ಎರಡು: ಎಡ-ಬಲಕ್ಕೆ ಒಂದು, ಒಳ-ಹೊರಗೆ ಒಂದು. ಎಡ-ಬಲದ ಮಗುಚುವ ಗೆರೆ ತೆರಪಿನ ನಟ್ಟನಡುವೆ ಇರಬೇಕು. ಆದರೆ ಸಾವಿರದ ನಡು 500, ಎಂಟುನೂರರ ನಡು 400. ಗೆರೆ ಕದಲದಿದ್ದರೆ ಸಣ್ಣ ಬಾಗಿಲನ್ನು ಮಗುಚಿದೊಡನೆ ಅದು ಗೋಡೆಯೊಳಗೆ ನುಗ್ಗುತ್ತದೆ. ಅಗಲದ ಪ್ಯಾರಾಮೀಟರಿಗೆ ಒಂದು ಮೂವ್ ಆ್ಯಕ್ಷನ್ ಕಟ್ಟಿ, ಅದರಲ್ಲಿ ಆ ಫ್ಲಿಪ್ ಪ್ಯಾರಾಮೀಟರನ್ನೇ ಆರಿಸಿ, ದೂರದ ಗುಣಕ 0.5 ಕೊಡಿ. ಗೋಡೆಯ ದಪ್ಪಕ್ಕೂ ಒಳ-ಹೊರಗಿನ ಫ್ಲಿಪ್‌ಗೂ ಇದೇ ಉಪಾಯ. ಫ್ಲಿಪ್ ಆ್ಯಕ್ಷನ್‌ಗೆ ವಸ್ತುಗಳನ್ನು ಆರಿಸುವಾಗ ಗೆರೆಗಳ ಜೊತೆ ಪ್ಯಾರಾಮೀಟರುಗಳನ್ನೂ ಸೇರಿಸಿ.

ಒಂಟಿ ಗೆರೆ, ಜೋಡಿ ಗೆರೆಯ ರೂಪಗಳಿಗೆ ವಿಸಿಬಿಲಿಟಿ ಪ್ಯಾರಾಮೀಟರ್. ಎರಡು ಸ್ಥಿತಿ, ‘100’ ಮತ್ತು ‘50’. ‘ಬಿವಿಮೋಡ್’ 1 ಇಟ್ಟರೆ ಅಡಗಿದ ಗೆರೆಗಳು ಮಸುಕಾಗಿ ಕಾಣುತ್ತವೆ, ಕೆಲಸ ಸುಲಭ. ಉಳಿಸುವ ಮೊದಲು ‘ಟೆಸ್ಟ್ ಬ್ಲಾಕ್’ ಕಿಟಕಿಯಲ್ಲಿ ನಾಲ್ಕೂ ಅಗಲ, ನಾಲ್ಕೂ ಮಗುಚುವಿಕೆ ಮಾಡಿ ನೋಡಿ. ಹದಿನಾರು ಸಲ. ಬೇಸರವಾಗುತ್ತದೆ, ಮಾಡಿ.

ಕೈ ಯಾವುದು?

ಫಾತೋರ್ಡಾದಲ್ಲಿ ನಾನು ಮಾಡಿದ ತಪ್ಪಿನ ಬೇರು ಇಲ್ಲಿದೆ. ಎಡ-ಬಲಕ್ಕೆ ಮಗುಚಿದರೆ ಬಾಗಿಲಿನ ಕೈ ಬದಲಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಒಳ-ಹೊರಗೆ ಮಗುಚಿದರೂ ಕೈ ಬದಲಾಗುತ್ತದೆ. ಎರಡನ್ನೂ ಮಾಡಿದರೆ ಮತ್ತೆ ಮೊದಲಿನ ಕೈಯೇ, ಬಾಗಿಲನ್ನು ಅರ್ಧ ಸುತ್ತು ತಿರುಗಿಸಿ ಇಟ್ಟಂತೆ. ಆದ್ದರಿಂದ ಯಾವುದೋ ಒಂದು ಫ್ಲಿಪ್ ಮಾತ್ರ ನೋಡಿ ‘ಇದು ಬಲಗೈ’ ಎನ್ನಲು ಬರುವುದಿಲ್ಲ. ಒಂದು ರೂಢಿ ಇಟ್ಟುಕೊಳ್ಳಿ: ಕದ ಯಾವ ಕಡೆಗೆ ತೆರೆದುಕೊಳ್ಳುತ್ತದೋ ಆ ಕಡೆ, ಬಿಜಾಗರಿ ಕಾಣುವಂತೆ ನಿಂತಾಗ ಬಿಜಾಗರಿ ಎಡಕ್ಕಿದ್ದರೆ ಎಡಗೈ. ಬೇರೆ ರೂಢಿಗಳೂ ಇವೆ. ಯಾವುದಾದರೂ ಆಗಲಿ, ಹಾಳೆಯ ಮೇಲೆ ಸಣ್ಣ ಚಿತ್ರ ಬಿಡಿಸಿ ತೋರಿಸಿ. ಗುರುತಿನಲ್ಲಿ ‘ಡಿ3’ ಎಂದು ನಿಲ್ಲಿಸದೆ ‘ಡಿ3ಎಲ್’, ‘ಡಿ3ಆರ್’ ಎಂದು ಬರೆಯಿರಿ.

ಗುರುತು ಬೇರೆ, ಬಾಗಿಲು ಬೇರೆ

ಗುರುತನ್ನು ಬಾಗಿಲಿನ ಬ್ಲಾಕಿನೊಳಗೇ ಇಡುವವರಿದ್ದಾರೆ. ನಾನೂ ಇಟ್ಟು ನೋಡಿದ್ದೇನೆ. ಬಾಗಿಲು ತಿರುಗಿದರೆ ಅಕ್ಷರವೂ ತಲೆಕೆಳಗಾಗುತ್ತದೆ. ಬಾಗಿಲು ನಿಜದ ಅಳತೆಯದು, ಗುರುತು ಕಾಗದದ ಅಳತೆಯದು, ಎರಡಕ್ಕೂ ಒಗ್ಗುವುದಿಲ್ಲ. ಈಗ ಬೇರೆ ಬೇರೆ ಮಾಡಿದ್ದೇನೆ.

ಬಾಗಿಲಿಗೆ 10 ಮಿ.ಮೀ. ವ್ಯಾಸದ ವೃತ್ತ, ಕಿಟಕಿಗೆ ಷಟ್ಕೋನ. ಕಾಗದದ ಅಳತೆಯಲ್ಲೇ ಬರೆದು, ಬ್ಲಾಕ್ ಮಾಡುವಾಗ ‘ಆ್ಯನೊಟೇಟಿವ್’ ಗುರುತು ಹಾಕಿ. ಆಗ 1:50, 1:100 ಎರಡರಲ್ಲೂ ಒಂದೇ ಗಾತ್ರದಲ್ಲಿ ಮುದ್ರಣವಾಗುತ್ತದೆ. ಒಳಗಿನ ಅಕ್ಷರ ಸಾದಾ ಟೆಕ್ಸ್ಟ್ ಆಗಬಾರದು, ಆ್ಯಟ್ರಿಬ್ಯೂಟ್ (ಪ್ರತಿ ಬ್ಲಾಕಿಗೂ ಬೇರೆ ಮೌಲ್ಯ ತುಂಬಬಹುದಾದ ಅಕ್ಷರ) ಆಗಬೇಕು. ‘ಎಟಿಟಿ’ ಎಂದು ಕೊಟ್ಟರೆ ಪೆಟ್ಟಿಗೆ ತೆರೆಯುತ್ತದೆ. ಆ್ಯಟ್ರಿಬ್ಯೂಟಿನ ಹೆಸರಿನಲ್ಲಿ ಖಾಲಿ ಜಾಗ ಸಲ್ಲದು. ಪ್ರಶ್ನೆಯ ಸಾಲಿನಲ್ಲಿ ಮಾತ್ರ ಧಾರಾಳವಾಗಿ ಬರೆಯಿರಿ, ‘ಗುರುತು, ಕೈ ಸಹಿತ’ ಎಂಬರ್ಥ ಬರುವಂತೆ. ಪ್ರಶ್ನೆಗಳ ಸರದಿ ತಪ್ಪಿದರೆ ‘ಬ್ಯಾಟ್‌ಮ್ಯಾನ್’ ಎಂಬ ಆದೇಶದಲ್ಲಿ ಮೇಲೆ ಕೆಳಗೆ ಮಾಡಬಹುದು. (ಹೆಸರು ಕೇಳಿ ನಗಬೇಡಿ, ಅದು ಬ್ಲಾಕ್ ಆ್ಯಟ್ರಿಬ್ಯೂಟ್ ಮ್ಯಾನೇಜರ್.)

ಕಿಟಕಿಯ ಗುರುತಿನಲ್ಲಿ ಎರಡನೆಯ ಸಾಲೊಂದು ಬೇಕು: ನೆಲದಿಂದ ಕಿಟಕಿಯ ತಳದವರೆಗಿನ ಎತ್ತರ. ‘ಡಬ್ಲ್ಯೂ2’, ಅದರ ಕೆಳಗೆ ‘900’. ಇದನ್ನು ನನಗೆ ಕಲಿಸಿದವನು ಗದಗ ಕಡೆಯ ಗೌಂಡಿ. ಕಲ್ಲಿನ ವರಸೆ ಏರಿಸುತ್ತ ಹೋಗುವವನಿಗೆ ಮೊದಲು ಗೊತ್ತಾಗಬೇಕಾದದ್ದು ಎಲ್ಲಿ ನಿಲ್ಲಿಸಬೇಕು ಎಂಬುದು. ಅಗಲ ಆಮೇಲಿನ ಮಾತು. ನಾವು ಆ ಎತ್ತರವನ್ನು ಮೂರನೆಯ ಹಾಳೆಯ ಕೋಷ್ಟಕದಲ್ಲಿ ಇಟ್ಟಿರುತ್ತೇವೆ, ಅವನ ಹತ್ತಿರ ಇರುವುದು ಮೊದಲನೆಯ ಹಾಳೆ.

ಬಾಗಿಲಿನ ಬ್ಲಾಕಿನೊಳಗೂ ಗುರುತು, ಎತ್ತರ, ಮರ ಎಂಬ ಮೂರು ಆ್ಯಟ್ರಿಬ್ಯೂಟುಗಳನ್ನು ಅದೃಶ್ಯವಾಗಿ ಇಡುತ್ತೇನೆ. ಅಗಲ ಬೇಡ, ಅದು ಪ್ಯಾರಾಮೀಟರಿನಲ್ಲೇ ಇದೆ. ಗುರುತನ್ನು ಎರಡು ಕಡೆ ಬರೆಯುವುದು ವ್ಯರ್ಥ ಕೆಲಸ ಎನಿಸಬಹುದು. ಫೀಲ್ಡ್ (ಬೇರೆ ವಸ್ತುವಿನ ಮೌಲ್ಯವನ್ನು ತಾನಾಗಿ ಓದುವ ಅಕ್ಷರ) ಹಾಕಿ ಒಂದನ್ನು ಇನ್ನೊಂದಕ್ಕೆ ಜೋಡಿಸಬಹುದಲ್ಲ ಎಂದು ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗ ಕೇಳಿದ. ಜೋಡಿಸಬಹುದು. ಆದರೆ ಬಾಗಿಲು ಮತ್ತು ಗುರುತನ್ನು ಕಾಪಿ ಮಾಡಿ ಪಕ್ಕದ ಕೋಣೆಗೆ ಇಟ್ಟಾಗ ಹೊಸ ಗುರುತಿನ ಫೀಲ್ಡ್ ಹಳೆಯ ಬಾಗಿಲನ್ನೇ ನೋಡುತ್ತಿರುತ್ತದೆ. ಎರಡು ಕಡೆ ಬರೆದರೆ ಕಿರಾಣಿ ಅಂಗಡಿಯ ಜಮಾ-ಖರ್ಚಿನಂತೆ ತಾಳೆ ನೋಡಲು ಬರುತ್ತದೆ. ‘ಡೇಟಾ ಎಕ್ಸ್‌ಟ್ರಾಕ್ಷನ್’ ಆದೇಶದಿಂದ ಬಾಗಿಲುಗಳದೊಂದು ಪಟ್ಟಿ, ಗುರುತುಗಳದೊಂದು ಪಟ್ಟಿ ಎಕ್ಸೆಲ್‌ಗೆ ತೆಗೆಯುತ್ತೇನೆ. ಬಾಗಿಲುಗಳಲ್ಲಿ ‘ಡಿ3ಎಲ್’ ನಾಲ್ಕಿದ್ದು ಗುರುತುಗಳಲ್ಲಿ ಮೂರಿದ್ದರೆ ಎಲ್ಲೋ ಒಂದು ವೃತ್ತ ಬಿಟ್ಟುಹೋಗಿದೆ. ಅಗಲದ ಕಂಬಸಾಲಿನಲ್ಲಿ ಒಂದೇ ಗುರುತಿಗೆ ಎರಡು ಅಳತೆ ಕಂಡರೆ ಯಾರೋ ಎಳೆದಿದ್ದಾರೆ. ಬರೀ ಎಣಿಕೆ ಸಾಕಾದರೆ 2022ರ ಆವೃತ್ತಿಯಿಂದ ‘ಕೌಂಟ್’ ಇದೆ.

ಕಟ್ಟಡದ ಮಾದರಿಯನ್ನೇ ಕಟ್ಟುವ ರೆವಿಟ್ ತಂತ್ರಾಂಶ ಬಳಸುವವರಿಗೆ ಈ ಜಮಾ-ಖರ್ಚು ಬೇಕಿಲ್ಲ. ಅಲ್ಲಿ ಟ್ಯಾಗ್, ಅಂದರೆ ಗುರುತು, ಬಾಗಿಲನ್ನೇ ಓದುತ್ತದೆ. ಆದರೆ ಏನನ್ನು ಓದುತ್ತದೆ ಎಂದು ನೋಡಿಕೊಳ್ಳಿ. ಅದರೊಡನೆ ಬರುವ ಬಾಗಿಲಿನ ಟ್ಯಾಗ್ ‘ಮಾರ್ಕ್’ ಓದುತ್ತದೆ, ಅದು ಬಾಗಿಲು ಬಾಗಿಲಿಗೂ ಬೇರೆ. ಕಿಟಕಿಯ ಟ್ಯಾಗ್ ‘ಟೈಪ್ ಮಾರ್ಕ್’ ಓದುತ್ತದೆ, ಅದು ಬಗೆಗೆ ಒಂದು. ಬಡಗಿಗೆ ಬಗೆಯ ಹೆಸರು ಬೇಕಾದರೆ ಟ್ಯಾಗ್ ಫ್ಯಾಮಿಲಿ ತೆರೆದು, ‘ಎಡಿಟ್ ಲೇಬಲ್’ನಲ್ಲಿ ಬದಲಿಸಿ ಮತ್ತೆ ಲೋಡ್ ಮಾಡಿ. ಕೈಯ ತೊಡಕು ಅಲ್ಲಿಯೂ ತಪ್ಪುವುದಿಲ್ಲ: ಬಾಗಿಲನ್ನು ಮಗುಚಿದರೂ ಟೈಪ್ ಮಾರ್ಕ್ ಅದೇ ಉಳಿಯುತ್ತದೆ.

ಹಳೆಯ ನಕ್ಷೆಗೆ ಹೊಸ ಬ್ಲಾಕ್

ಬ್ಲಾಕುಗಳನ್ನೆಲ್ಲ ಒಂದೇ ಕಡತದಲ್ಲಿಟ್ಟು ಟೂಲ್ ಪ್ಯಾಲೆಟ್‌ಗೆ ಎಳೆದುಕೊಳ್ಳಿ. ಒಂದು ಎಚ್ಚರಿಕೆ. ತಿದ್ದಿದ ಬ್ಲಾಕನ್ನು ಹಳೆಯ ನಕ್ಷೆಗೆ ಕಾಪಿ-ಪೇಸ್ಟ್ ಮಾಡಿದರೆ, ಅಲ್ಲಿ ಅದೇ ಹೆಸರಿನ ಬ್ಲಾಕ್ ಮೊದಲೇ ಇದ್ದಾಗ ಹಳೆಯದೇ ಗೆಲ್ಲುತ್ತದೆ. ಡಿಸೈನ್ ಸೆಂಟರಿನಲ್ಲಿ ಆ ಬ್ಲಾಕಿನ ಮೇಲೆ ಬಲಕ್ಲಿಕ್ ಮಾಡಿ ‘ರೀಡಿಫೈನ್’ ಎನ್ನಬೇಕು. ಆಮೇಲೂ ಹೊಸ ಆ್ಯಟ್ರಿಬ್ಯೂಟುಗಳು ಹಳೆಯ ಬಾಗಿಲುಗಳಲ್ಲಿ ಮೂಡುವುದಿಲ್ಲ, ‘ಆಟ್‌ಸಿಂಕ್’ ಕೊಡಬೇಕು. ಅದು ಬರೆದಿಟ್ಟ ಮೌಲ್ಯಗಳನ್ನು ಉಳಿಸುತ್ತದೆ, ಆದರೆ ನೀವು ಕೈಯಾರೆ ಸರಿಸಿಟ್ಟ ಅಕ್ಷರಗಳನ್ನು ಮೊದಲಿನ ಜಾಗಕ್ಕೆ ಒಯ್ದು ಕೂರಿಸುತ್ತದೆ. ಮೊದಲು ಕಡತದ ಪ್ರತಿ ತೆಗೆದಿಡಿ.

ಲೌಟೊಲಿಮ್‌ನ ಆ ಹಳೆಯ ಮನೆಯ ಕಿಟಕಿಗಳಲ್ಲಿ ಗಾಜಿನ ಬದಲು ಚಿಪ್ಪುಗಳಿವೆ: ತೆಳುವಾದ ಸಿಂಪಿಯ ಚಿಪ್ಪುಗಳನ್ನು ಮರದ ಸಣ್ಣ ಪಟ್ಟಿಗಳ ನಡುವೆ ತೂರಿಸಿ ಮಾಡಿದ ಕದಗಳು. ಇಂಥ ಕಿಟಕಿಗೆ ಯಾವ ಲೈಬ್ರರಿಯಲ್ಲೂ ಚಿಹ್ನೆ ಸಿಗುವುದಿಲ್ಲ. ಕಿಟಕಿಯ ಬ್ಲಾಕಿಗೆ ‘ಚಿಪ್ಪು’ ಎಂಬ ಇನ್ನೊಂದು ವಿಸಿಬಿಲಿಟಿ ಸ್ಥಿತಿ ಸೇರಿಸಿ, ಗಾಜಿನ ಗೆರೆಯ ಜಾಗದಲ್ಲಿ ಪಟ್ಟಿಗಳ ಅಡ್ಡಗೆರೆ ಹಾಕಿದೆ. ಎಕ್ಸೆಲ್ ಪಟ್ಟಿಯಲ್ಲಿ ಕನ್ನಡದ ಒಂದು ಕಂಬಸಾಲು ಸೇರಿಸಿ, ಗುರುತಿನ ಪಕ್ಕದಲ್ಲಿ ‘ಚಿಪ್ಪಿನ ಕಿಟಕಿ, ಬಿಚ್ಚಬಾರದು’ ಎಂದು ಬರೆದು ಸೈಟಿಗೆ ಕಳುಹಿಸಿದೆ. ಸಂಜೆ ಗೌಂಡಿಯ ಫೋನ್ ಬಂತು.

“ಅಕ್ಕಾ, ಈ ಡಬ್ಲ್ಯೂ4ಕ್ಕೆ ಹೊರಗೆ ಚಿಪ್ಪಿನ ಕದ, ಒಳಗೆ ಮರದ ಕದ, ಎರಡಿವೆ. ನೀವು ಒಂದೇ ಬರೆದಿದ್ದೀರಿ. ಒಳಗಿನದನ್ನು ತೆಗೆದುಬಿಡಲೇ?”

“ಬೇಡ ಅಣ್ಣಾ, ಕೈ ಹಚ್ಚಬೇಡ” ಎಂದು ಹೇಳಿ, ಮತ್ತೆ ‘ಬಿಇ’ ಕೊಟ್ಟು ಕುಳಿತೆ.